ತೂ ಮೇಷ್ಟ್ರು ಓದಿದ ಚರಟ

ಝಾಂಗ್‌ಶು ಪಟ್ಟಣದಲ್ಲಿ ತೂ ಚಾಂಗ್‌ಗೆನ್ ಮೇಷ್ಟ್ರು ನಡೆದಾಡಿಕೊಂಡಿದ್ದಷ್ಟು ಕಾಲ ಯಾರೊಬ್ಬರಿಗೂ ಗುಟ್ಟಾಗಿ ಕಾಯಿಲೆ ಬೀಳುವ ಭಾಗ್ಯವಿರಲಿಲ್ಲ. ಹೊಟ್ಟೆ ಕೆಟ್ಟರೆ, ಮೂಲವ್ಯಾಧಿ ಕೆರಳಿದರೆ, ಹೆಂಡತಿ ತವರಿಗೆ ಹೋದ ಮೇಲೆ ಗಂಡನಿಗೆ ನಿದ್ದೆ ಬಾರದಿದ್ದರೆ, ಎಲ್ಲವೂ ಬೆಳಗ್ಗೆ ಎಂಟು ಗಂಟೆಯೊಳಗೆ ಮೇಷ್ಟ್ರಿಗೆ ಗೊತ್ತಾಗುತ್ತಿತ್ತು. ಒಂಬತ್ತಕ್ಕೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಹಾಗಂತ ಅವರೇನೂ ವೈದ್ಯರಲ್ಲ, ಶಾಲೆಯ ಮೇಷ್ಟ್ರೂ ಅಲ್ಲ; ಕೈಕೆಲಸದಲ್ಲಿ ಪಳಗಿದವರನ್ನು ನಮ್ಮೂರಿನಲ್ಲಿ ಹಾಗೆ ಕರೆಯುತ್ತೇವೆ. ಸರಕಾರಿ ಮದ್ದಿನಂಗಡಿಯಲ್ಲಿ ಮದ್ದು ತೂಗಿ ಪೊಟ್ಟಣ ಕಟ್ಟುವವರು. ಹದಿನಾಲ್ಕನೇ ವಯಸ್ಸಿಗೆ ಆ ಕಟ್ಟೆಯ ಹಿಂದೆ ನಿಂತವರು ಐವತ್ತೆಂಟು ತುಂಬಿದರೂ ಅಲ್ಲೇ ನಿಂತಿದ್ದರು. ಮೂಲೆಯ ಮೇಜಿನಲ್ಲಿ ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ಚೀಟಿ ಬರೆದು ಕಳಿಸುತ್ತಿದ್ದರು. ಮೇಷ್ಟ್ರು ಚೀಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಬೆನ್ನ ಹಿಂದಿನ ಇನ್ನೂರು ಚಿಲ್ಲರೆ ಖಾನೆಗಳ ಕಡೆಗೆ ತಿರುಗಿಯೂ ನೋಡದೆ ಕೈ ಚಾಚಿ ಬೇರು ನಾರು ತೆಗೆಯುತ್ತಿದ್ದರು. ಕೈತಕ್ಕಡಿಯಲ್ಲಿ ಇಡುವುದು ಬರೀ ನೆಪಕ್ಕೆ. ಅವರ ಬೆರಳಿಗೆ ಬಂದದ್ದು ಒಂಬತ್ತು ಗ್ರಾಂ ಎಂದರೆ ಒಂಬತ್ತೇ.

“ಬರೆಯೋದೇನು ಮಹಾ, ಶಾಲೆಗೆ ಹೋದೋರೆಲ್ಲ ಬರೀತಾರೆ. ಕೈಗೆ ತೂಕ ಬರೋಕೆ ನಲವತ್ತು ವರ್ಷ ಬೇಕು,” ಎಂದು ವೈದ್ಯರಿಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದರು.

ಈ ತೂಕದ ಹುಚ್ಚು ಬೇರಿಗಷ್ಟೇ ನಿಂತಿದ್ದರೆ ಚೆನ್ನಾಗಿತ್ತು. ಅಂಗಡಿಗೆ ಬಂದ ಹೆಂಗಸರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೂರ ಇಪ್ಪತ್ತೊಂದು ಜಿನ್. ಹೊಸ ವರ್ಷದಿಂದೀಚೆಗೆ ನಾಲ್ಕು ಜಿನ್ ಏರಿದೀರಿ” ಎಂದು ಗಟ್ಟಿಯಾಗಿ ಹೇಳಿ ಬೈಸಿಕೊಳ್ಳುತ್ತಿದ್ದರು. ಎರಡು ಜಿನ್ ಎಂದರೆ ಒಂದು ಕಿಲೋ, ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಬೈದ ಹೆಂಗಸರು ಅಕ್ಕಿ ಗಿರಣಿಯ ತಕ್ಕಡಿಯ ಮೇಲೆ ಕದ್ದು ನಿಂತು ನೋಡಿದರೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಅದೇ ಇನ್ನೂ ಸಿಟ್ಟು ಬರಿಸುತ್ತಿತ್ತು.

ಇನ್ನು ಚರಟದ ವಿಷಯ. ನಮ್ಮೂರಿನಲ್ಲಿ ಮದ್ದು ಕುದಿಸಿ ಕುಡಿದ ಮೇಲೆ ಉಳಿದ ಚರಟವನ್ನು ಮನೆಯ ಕಸಕ್ಕೆ ಹಾಕುವುದಿಲ್ಲ. ಕೂಡುರಸ್ತೆಗೆ ಒಯ್ದು ಸುರಿಯುತ್ತೇವೆ. ಹೋಗಿಬರುವವರು ತುಳಿದರೆ ಕಾಯಿಲೆ ಅವರ ಕಾಲಿಗೆ ಹತ್ತಿಕೊಂಡು ಮನೆ ಬಿಟ್ಟು ಹೋಗುತ್ತದೆ. ಬೇರೆಯವರ ಚರಟ ಕಂಡರೆ ಬುದ್ಧಿಯಿದ್ದವರು ಸುತ್ತುಹಾಕಿ ಹೋಗುತ್ತಾರೆ. ನಮ್ಮ ಮೇಷ್ಟ್ರು ಅದರ ಮೇಲೇ ಕಾಲೂರಿ, ಕುಕ್ಕರಗಾಲಿನಲ್ಲಿ ಕೂತು, ಛತ್ರಿಯ ತುದಿಯಿಂದ ಕೆದಕಿ ಕೆದಕಿ ಓದುತ್ತಿದ್ದರು! ಯಾವ ಬೇರು ಎಷ್ಟು, ಯಾವ ತೊಗಟೆ ಜೊತೆಗಿದೆ, ಯಾರ ಮನೆಯದು, ಕಾಯಿಲೆ ಎಲ್ಲಿಗೆ ಬಂತು ಎಂದು ಪೇಪರ್ ಓದಿದ ಹಾಗೆ ಓದಿ ಮುಗಿಸಿ, ಬಟ್ಟೆ ಬೂಟಿನ ಅಡಿಗೆ ಅಂಟಿದ ಚೂರುಗಳ ಸಮೇತ ಎದ್ದು ಹೋಗುತ್ತಿದ್ದರು.

“ಕಾಯಿಲೆ ಕಾಲಿಗೆ ಅಂಟುತ್ತಂತೆ, ಕಾಲಿಗೆ! ಹುಚ್ಚು ಮುಂಡೇವು,” ಎಂದು ನಗುತ್ತಿದ್ದರು.

ಮನೆಯಲ್ಲೂ ಅಂಗಡಿಯ ಭಾಷೆಯೇ. ಪ್ರತಿಯೊಂದು ಕಷಾಯದಲ್ಲೂ ಒಂದು ಬೇರು ದೊರೆ, ಒಂದೆರಡು ಮಂತ್ರಿ, ಕೆಲವು ಸಹಾಯಕ, ಕೊನೆಗೊಂದು ದೂತ ಇರಬೇಕೆಂಬುದು ಹಳೆಯ ಶಾಸ್ತ್ರ. ಅದನ್ನು ಮೇಷ್ಟ್ರು ಊಟದ ಮೇಜಿಗೂ ತಂದಿದ್ದರು. ಅವರು ದೊರೆ, ಹೆಂಡತಿ ಲಿಯಾನ್‌ಯಿಂಗ್ ಮಂತ್ರಿ, ಮಗಳು ರುಯಿಫಾಂಗ್ ದೂತೆ. ಮೀನಿನ ಸಾರಿನಲ್ಲಿ ದೊರೆ ಮೀನೋ ಶುಂಠಿಯೋ ಎಂಬುದರ ಮೇಲೆ ಅರ್ಧ ಗಂಟೆ ಭಾಷಣವಾಗುತ್ತಿತ್ತು. ಸಾರು ಆರುತ್ತಿತ್ತು. “ಆರಿದ ಸಾರು ಕೊಟ್ಟಿದ್ದೀಯಲ್ಲ” ಎಂದು ಮತ್ತೆ ಅರ್ಧ ಗಂಟೆ. ಮಂತ್ರಿಗೆ ಮಾತಾಡುವ ಸರದಿ ಮೂವತ್ತು ವರ್ಷದಲ್ಲಿ ಬಂದಿರಲಿಲ್ಲ.

ರುಯಿಫಾಂಗ್ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಳು. ಇಪ್ಪತ್ತಾರು ತುಂಬಿತ್ತು. ಎರಡು ಸಂಬಂಧಗಳು ಬಂದು ಮುರಿದಿದ್ದವು, ಎರಡನ್ನೂ ಮುರಿದದ್ದು ಚರಟವೇ. ಮೊದಲ ಹುಡುಗನ ಚಿಕ್ಕಪ್ಪನಿಗೆ ಹೊಟ್ಟೆಹುಳ ಎಂದು ಮೇಷ್ಟ್ರು ಓದಿ ಹೇಳಿದರು. ಎರಡನೆಯವನ ಅಜ್ಜಿಗೆ ಉಬ್ಬಸ. ಮೂರನೆಯದಾಗಿ ಬಂದವನು ದೋಣಿ ಎಂಜಿನ್ ರಿಪೇರಿ ಮಾಡುವ ಪಾನ್ ಶುಯಿಶೆಂಗ್. ಕರ್ಪೂರದ ಮರದ ಕೂಡುರಸ್ತೆಯಲ್ಲಿ ತೋಫು ಮಾರುವ ವಿಧವೆ ಪಾನ್ ಅಕ್ಕನ ಒಬ್ಬನೇ ಮಗ. ರುಯಿಫಾಂಗ್‌ಗೆ ಈ ಹುಡುಗ ಮನಸ್ಸಿಗೆ ಬಂದುಬಿಟ್ಟಿದ್ದ. ದೋಣಿ ಹಬ್ಬದ ದಿನ ಅವನು ಅಂಟಕ್ಕಿಯ ಎಲೆಗಡುಬು ಹೊತ್ತು ಮನೆಗೆ ಬರುವುದು, ಮೇಷ್ಟ್ರು ಅದನ್ನು ಬಿಚ್ಚಿ ತಿನ್ನುವುದು; ತಿಂದರೆ ಒಪ್ಪಿದ ಹಾಗೆ.

“ಅಪ್ಪಾ, ಈ ಸಲ ನೀನೇನಾದ್ರೂ ಕೆಡಿಸಿದ್ರೆ ನಾನು ನಾನ್‌ಚಾಂಗ್‌ಗೆ ವರ್ಗ ಮಾಡಿಸ್ಕೊಂಡು ಹೊರಟುಹೋಗ್ತೀನಿ. ಮುಖ ಕೂಡ ತೋರಿಸಲ್ಲ,” ಎಂದು ರುಯಿಫಾಂಗ್ ಮೊದಲೇ ಹೇಳಿದ್ದಳು. ಅವಳು ತಮಾಷೆಗೆ ಮಾತಾಡುವ ಹುಡುಗಿಯಲ್ಲ.

ಆದರೆ ಹುಟ್ಟುಗುಣ ಸುಮ್ಮನಿರುತ್ತದೆಯೇ? ಸಂಬಂಧದ ಮಾತು ಎದ್ದ ದಿನದಿಂದ ಮೇಷ್ಟ್ರು ಅಂಗಡಿಗೆ ಹೋಗುವ ದಾರಿ ಬದಲಿಸಿ, ತದ್ವಿರುದ್ಧ ದಿಕ್ಕಿನಲ್ಲಿದ್ದ ಕರ್ಪೂರದ ಮರದ ಕೂಡುರಸ್ತೆಯನ್ನು ಸುತ್ತಿ ಹೋಗತೊಡಗಿದರು. ಮೊದಲ ದಿನವೇ ಅಲ್ಲಿ ಚರಟ ಬಿದ್ದಿತ್ತು, ಹಸಿಹಸಿ. ಮರುದಿನವೂ ಇತ್ತು. ಆ ಮೂಲೆಯಲ್ಲಿದ್ದದ್ದು ಎರಡೇ ಬಾಗಿಲು: ಒಂದು ಪಾನ್ ಅಕ್ಕನದು, ಇನ್ನೊಂದು ಸದಾ ಬೀಗ ಹಾಕಿದ ಗೊಬ್ಬರದ ಗೋದಾಮು. ಗೋದಾಮಿಗೆ ಕಾಯಿಲೆ ಬರುವುದಿಲ್ಲವಲ್ಲ!

ಮೂರು ವಾರ ಬಿಡದೆ ಓದಿದರು. ಹಬ್ಬಕ್ಕೆ ನಾಲ್ಕು ದಿನ ಉಳಿದಿದೆ ಎನ್ನುವಾಗ ಸಂಜೆ ಮನೆಗೆ ಬಂದವರೇ ಬೂಟಿನ ಅಡಿಯನ್ನು ಹೊಸ್ತಿಲಿಗೆ ಉಜ್ಜಿ, ಕುರ್ಚಿ ಎಳೆದುಕೊಂಡು ಕೂತರು.

“ಪಾನ್ ಮನೆ ಸಂಬಂಧ ಬೇಡ.”

ರುಯಿಫಾಂಗ್ ಬಟ್ಟಲು ಕುಕ್ಕಿದಳು. ಅವರೆಕಾಯಿ ಸುಲಿಯುತ್ತಿದ್ದ ಲಿಯಾನ್‌ಯಿಂಗ್ ತಲೆ ಎತ್ತಿ, “ಯಾಕಂತೆ?” ಎಂದಳು.

“ಅವರ ಮನೆ ಚರಟ ಓದಿದೆ. ಚಾಯ್‌ಹು ಬೇರು, ಪುದೀನ, ಅತಿಮಧುರ. ಶುದ್ಧ ನಿಶ್ಚಿಂತೆ ಕಷಾಯ. ಅದರ ಮೇಲೆ ಹುಳಿ ಎಲಚಿ ಬೀಜ ಬೇರೆ ಜಜ್ಜಿ ಹಾಕಿದಾರೆ.”

ಲಿಯಾನ್‌ಯಿಂಗ್‌ಳ ಕೈಯಿಂದ ಅವರೆಕಾಯಿ ಜಾರಿತು. “ರೀ, ಆ ಚರಟ...”

“ಆ ಚರಟ ನಮ್ಮ ಅಂಗಡೀದಲ್ಲ ಅಂತ ತಾನೆ ನೀನು ಹೇಳೋದು? ಅದನ್ನೂ ನೋಡಿದೆ. ನಾವು ಕತ್ತರಿಸಿದ ಬೇರು ಊದಿದ್ರೆ ಹಾರಬೇಕು. ಇದು ಮೂಲಂಗಿ ಹೆಚ್ಚಿದ ಹಾಗಿದೆ. ನದಿಯಾಚೆ ಅಂಗಡೀದು. ನನ್ನ ಕಣ್ಣು ತಪ್ಪಿಸೋಕೆ ಅಷ್ಟು ದೂರ ಹೋಗಿದಾಳೆ ಆ ಪಾನ್ ಅಕ್ಕ!”

“ಅಲ್ಲ ಕಣ್ರೀ, ಅದು...”

“ಅದು ಯಾರು ಕುಡಿಯೋ ಕಷಾಯ ಅಂತ ಕೇಳ್ತೀಯಾ? ಹೇಳ್ತೀನಿ ಕೇಳು. ಹೆಂಗಸು, ಐವತ್ತು ದಾಟಿದೋಳು. ಮಾತೆಲ್ಲ ಎದೆಯಲ್ಲೇ ಕಟ್ಕೊಂಡಿರೋಳು. ಸಿಟ್ಟು ನುಂಗಿ ನುಂಗಿ ಲಿವರ್ ಬಿಗಿದುಹೋಗಿದೆ. ಪಕ್ಕೆ ನೋವು, ಮಾತಿಗೊಂದು ನಿಟ್ಟುಸಿರು, ಹಾಸಿಗೆ ಮೇಲೆ ಬಿದ್ರೆ ನಿದ್ದೆ ಇಲ್ಲ.”

ಲಿಯಾನ್‌ಯಿಂಗ್ ಬಿದ್ದ ಅವರೆಕಾಯಿಯನ್ನು ಎತ್ತಿಕೊಂಡಳು. ಗಂಡನ ಮುಖವನ್ನೇ ನೋಡುತ್ತ, “ಹೌದಾ?” ಎಂದಳು.

“ಇಂಥ ಕಾಯಿಲೆ ಗಾಳಿಗೆ ಬರಲ್ಲ ಕಣೆ. ಕೊಡೋನು ಒಬ್ಬ ಮನೇಲೇ ಇರ್ತಾನೆ.”

“ಎಂಥೋನು ಅವನು?”

“ಬಾಯಿ ಮುಚ್ಚದೋನು. ಭೂಮಂಡಲದಲ್ಲಿ ತನಗೊಬ್ಬನಿಗೇ ಎಲ್ಲಾ ಗೊತ್ತು ಅನ್ನೋನು. ಆ ಹೆಂಗಸು ಬಾಯಿ ತೆಗೆಯೋದೇ ತಡ, ಅವಳ ಮಾತು ತಾನೇ ಮುಗಿಸೋನು. ಅವಳು ಉಂಡಳೋ ಬಿಟ್ಟಳೋ, ಹೇಗಿದೀಯಾ ಅಂತ ಒಂದು ದಿನ ಕೇಳದೋನು.”

“ಎಷ್ಟು ಸರಿಯಾಗಿ ಹೇಳಿದ್ರಿ ರೀ. ಕಣ್ಣಾರೆ ಕಂಡ ಹಾಗೆ.”

ಹೆಂಡತಿಯ ಬಾಯಿಂದ ಹೊಗಳಿಕೆ ಕೇಳಿ ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಹಿಗ್ಗಿ ಹೀರೆಕಾಯಿಯಾದರು. “ಮತ್ತೇನಂದ್ಕೊಂಡೆ? ಆ ಮನೇಲಿರೋ ಗಂಡಸು ಒಬ್ಬನೇ, ಶುಯಿಶೆಂಗ್! ಹೆತ್ತ ತಾಯಿಗೇ ಈ ಗತಿ ತಂದೋನು ನಾಳೆ ನಮ್ಮ ಮಗಳನ್ನ ಬಿಡ್ತಾನಾ?”

“ಅಪ್ಪಾ, ಶುಯಿಶೆಂಗ್ ದಿನಕ್ಕೆ ಹತ್ತು ಮಾತು ಆಡಲ್ಲ!” ರುಯಿಫಾಂಗ್‌ಗೆ ಅಳುವೇ ಬಂದುಬಿಟ್ಟಿತು. “ಟಿಕೆಟ್ ಬೇಕು ಅನ್ನೋಕೂ ಬೆರಳು ತೋರಿಸ್ತಾನೆ.”

“ಅದೇ ನಾಟಕ. ಹೊರಗೆ ಮೌನಿ, ಒಳಗೆ ರಾಕ್ಷಸ. ನಲವತ್ತನಾಲ್ಕು ವರ್ಷದ ಅನುಭವ ಕಣಮ್ಮ ನಂದು.”

ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು. ಲಿಯಾನ್‌ಯಿಂಗ್ ಆ ಸದ್ದನ್ನು ಸ್ವಲ್ಪ ಹೊತ್ತು ಆಲಿಸಿದಳು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿ ನಿಂತಳು.

“ಒಂದು ಕೆಲಸ ಮಾಡಿ. ನಾಳೆ ನೀವೇ ಪಾನ್ ಅಕ್ಕನ ಅಂಗಡಿಗೆ ಹೋಗಿ. ಈಗ ನನಗೆ ಹೇಳಿದ್ರಲ್ಲ, ಒಂದಕ್ಷರ ಬಿಡದ ಹಾಗೆ ಅವರಿಗೂ ಹೇಳಿ.”

“ಹೇಳದೆ ಬಿಡ್ತೀನಾ?” ಎಂದರು ಮೇಷ್ಟ್ರು.

ಮರುದಿನ ಬೆಳಗ್ಗೆ ಕೂಡುರಸ್ತೆಯಲ್ಲಿ ಬಿಸಿ ಆರದ ಚರಟ ಕಾದಿತ್ತು. ಮೇಷ್ಟ್ರು ಅದನ್ನು ಒಂದು ತಾವರೆ ಎಲೆಗೆ ಬಾಚಿಕೊಂಡು ನೇರ ಪಾನ್ ಅಕ್ಕನ ಅಂಗಡಿಗೆ ನಡೆದರು. ಅಕ್ಕ ಹಬೆಯಾಡುವ ಸೋಯಾ ಹಾಲನ್ನು ಸೌಟಿನಿಂದ ಬಟ್ಟಲಿಗೆ ಬಗ್ಗಿಸುತ್ತಿದ್ದಳು. ಬೆಂಚಿನ ಮೇಲೆ ನಾಲ್ಕು ಜನ ತಿಂಡಿಗೆ ಕೂತಿದ್ದರು. ಒಳಬಾಗಿಲಲ್ಲಿ ಶುಯಿಶೆಂಗ್ ಕೈಗೆ ಮೆತ್ತಿದ ಗ್ರೀಸ್ ತಿಕ್ಕಿಕೊಳ್ಳುತ್ತಿದ್ದ.

ಮೇಷ್ಟ್ರು ಎಲೆಯನ್ನು ತೋಫು ಹಲಗೆಯ ಮೇಲೆ ಬಿಚ್ಚಿಟ್ಟು, ಗಂಟಲು ಸರಿಮಾಡಿಕೊಂಡು, ಎಲ್ಲವನ್ನೂ ಹೇಳಿದರು. ಐವತ್ತು ದಾಟಿದ ಹೆಂಗಸು, ಬಿಗಿದ ಲಿವರ್, ನಿಟ್ಟುಸಿರು, ಬಾಯಿ ಮುಚ್ಚದ ಗಂಡಸು. ಬೆಂಚಿನವರು ತಿನ್ನುವುದನ್ನು ಮರೆತು ಕೇಳಿದರು.

ಪಾನ್ ಅಕ್ಕ ಸೌಟು ಕೆಳಗಿಟ್ಟಳು. ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡರು ಮೇಷ್ಟ್ರು. ನೋಡಿದರೆ ನಗುತ್ತಿದ್ದಳು.

“ಅಣ್ಣಾ, ಇಷ್ಟೆಲ್ಲ ಓದಿದ್ರಿ. ನಾನು ಇದನ್ನ ಯಾವುದರಲ್ಲಿ ಕುದಿಸಿದೆ ಅಂತ ಓದಲಿಲ್ವಾ?”

“ಯಾವುದರಲ್ಲೇನು, ಮದ್ದಿನ ಮಡಕೇಲಿ!”

“ನಮ್ಮನೆ ಮದ್ದಿನ ಮಡಕೆ ಈಗ ಎಲ್ಲಿದೆ ಗೊತ್ತಾ ನಿಮಗೆ? ನಿಮ್ಮನೇಲಿ. ಗೋರಿ ಗುಡಿಸೋ ಹಬ್ಬದ ಮಾರನೇ ದಿನ ಲಿಯಾನ್‌ಯಿಂಗ್ ಅಕ್ಕ ಬಂದು ಎರವಲು ತಗೊಂಡು ಹೋದ್ರು.”

ಬೆಂಚಿನ ಮೇಲಿದ್ದ ಮುದುಕನೊಬ್ಬ “ಅಯ್ಯಯ್ಯೋ” ಎಂದು ಹಾಲಿನ ಬಟ್ಟಲನ್ನು ಕೆಳಗಿಟ್ಟ. ಎರವಲು ತಂದ ಮದ್ದಿನ ಮಡಕೆಯನ್ನು ನಮ್ಮಲ್ಲಿ ಯಾರೂ ತಾವಾಗಿ ಹಿಂದಿರುಗಿಸುವುದಿಲ್ಲ. ಹಾಗೆ ಮಾಡಿದರೆ ಕಾಯಿಲೆಯನ್ನೇ ಹೊತ್ತು ತಂದು ಕೊಟ್ಟ ಹಾಗೆ. ಮಡಕೆಯ ಒಡತಿಗೆ ಕಾಯಿಲೆಯಾದಾಗ ಅವಳೇ ಬಂದು ಒಯ್ಯಬೇಕು. ಇದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ನಾನು ಕಲ್ಲು ಗುಂಡಿನ ಹಾಗಿದೀನಿ, ಅದಕ್ಕೇ ಒಯ್ಯೋಕೆ ಬಂದಿಲ್ಲ,” ಎಂದಳು ಪಾನ್ ಅಕ್ಕ. “ಬೇಕಾದ್ರೆ ಅಡುಗೆಮನೆ ನೋಡಿ ಬನ್ನಿ.”

“ನಮ್ಮನೇಲೇ ಮಡಕೆ ಇದೆಯಲ್ಲ...” ಮೇಷ್ಟ್ರ ದನಿ ಅರ್ಧಕ್ಕೆ ಇಳಿದಿತ್ತು.

“ನಾನೂ ಅದೇ ಕೇಳ್ದೆ ಅಣ್ಣಾ. ‘ಆ ಮಡಕೆ ಒದ್ದೆಯಾದ್ರೆ ಅವರಿಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾದ್ರೆ ಊರಿಗೆ ಗೊತ್ತಾಗುತ್ತೆ’ ಅಂದ್ರು.”

ಮೇಷ್ಟ್ರು ತಾವರೆ ಎಲೆಯ ಕಡೆ ನೋಡಿದರು. ಚಾಯ್‌ಹು, ಪುದೀನ, ಅತಿಮಧುರ, ಎಲಚಿ ಬೀಜ. ಹಿಂದಿನ ಸಂಜೆ ತಾವಾಡಿದ ಮಾತುಗಳು ಒಂದೊಂದಾಗಿ ಎದ್ದು ಬಂದು ಕೆನ್ನೆಗೆ ಬಾರಿಸಿದವು. ಬಾಯಿ ಮುಚ್ಚದೋನು. ಎಲ್ಲಾ ತನಗೇ ಗೊತ್ತು ಅನ್ನೋನು. ಹೇಗಿದೀಯಾ ಅಂತ ಒಂದು ದಿನ ಕೇಳದೋನು. ಥೂ! ಐವತ್ತು ಮದ್ದನ್ನು ಕಣ್ಣು ಮುಚ್ಚಿ ಮೂಸಿ ಹೇಳಬಲ್ಲ ಮೂಗು ಎರಡು ತಿಂಗಳು ತನ್ನದೇ ಒಲೆಯ ಮೇಲೆ ಕುದಿದ ಕಷಾಯವನ್ನು ಗುರುತಿಸಿರಲಿಲ್ಲ. ಅವರ ಅಂಗಿಯೂ ಕೂದಲೂ ಹಾಸಿಗೆಯೂ ಅದೇ ವಾಸನೆ. ಮನೆಗೆ ಹೋದರೆ ಮೂಗಿಗೆ ರಜ.

ಬೆಂಚಿನವರೆಲ್ಲ ತಾವರೆ ಎಲೆಯನ್ನೇ ನೋಡುತ್ತಿದ್ದರು; ಮೇಷ್ಟ್ರನ್ನು ನೋಡಿದ್ದು ಶುಯಿಶೆಂಗ್ ಒಬ್ಬನೇ. ಒಂದು ಕುರ್ಚಿ ತಂದಿಟ್ಟು, “ಕೂತ್ಕೊಳ್ಳಿ ಮಾವ,” ಎಂದ. ಆ ದಿನ ಅವನು ಆಡಿದ್ದು ಅಷ್ಟೇ.

ಅಂಗಡಿಗೆ ಹೋಗುವ ಹೊತ್ತು ಮೀರಿದ್ದರೂ ಮೇಷ್ಟ್ರು ಮನೆಗೆ ತಿರುಗಿದರು. ನಲವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ಲಿಯಾನ್‌ಯಿಂಗ್ ಅಡುಗೆಮನೆಯಲ್ಲಿದ್ದಳು. ಅಕ್ಕಿ ಡಬ್ಬದ ಹಿಂದೆ ಅಡಗಿರುತ್ತಿದ್ದ ಮಡಕೆ ಈಗ ರಾಜಾರೋಷವಾಗಿ ಒಲೆಯ ಮೇಲೆ ಕೂತಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತರು, ಕೆಮ್ಮಿದರು, ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ಹೇಗಿದೀಯಾ?” ಎಂದರು ಕೊನೆಗೆ.

“ಈಗ ಹೇಳಿದ್ರೆ ಕೇಳ್ತೀರಾ?”

“ಕೇಳ್ತೀನಿ.”

“ಮೊದಲು ಐದು ವಾರ ತುಂಬಾ ಚೆನ್ನಾಗಿತ್ತು. ಮಗುವಿನ ಹಾಗೆ ನಿದ್ದೆ ಮಾಡ್ತಿದ್ದೆ. ಪಕ್ಕೆ ನೋವೂ ಹೋಗಿತ್ತು. ಆಮೇಲೆ...”

“ಆಮೇಲೆ ಮತ್ತೆ ಶುರುವಾ...” ಎನ್ನುತ್ತಿದ್ದ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ನಿಜಕ್ಕೂ ಕಚ್ಚಿಕೊಂಡರು, ಕಣ್ಣಲ್ಲಿ ನೀರು ಬಂತು.

ಲಿಯಾನ್‌ಯಿಂಗ್ ಕಾದು ನೋಡಿದಳು. ಗಂಡ ಮುಂದೆ ಮಾತಾಡಲಿಲ್ಲ. ಇದೇ ಅವಳಿಗೆ ಅರ್ಧ ಮದ್ದಾಯಿತೋ ಏನೋ, ಮುಖ ಸ್ವಲ್ಪ ಸಡಿಲವಾಯಿತು.

“ಆಮೇಲೆ ಮೂರು ವಾರದಿಂದ ಮತ್ತೆ ನಿದ್ದೆ ಇಲ್ಲ, ಮತ್ತೆ ನೋವು. ಮದ್ದು ಅದೇ, ಮಡಕೆ ಅದೇ. ನೀವು ಅಂಗಡಿಗೆ ಹೋಗೋ ದಾರೀಲಿ ಹಾಕಬಾರದು ಅಂತ ನೀವು ಏಳೋ ಮೊದಲೇ ಕುದಿಸಿ, ಅಷ್ಟು ದೂರ ಹೊತ್ಕೊಂಡು ಹೋಗಿ ಸುರೀತಿದ್ದೆ. ಗುರುತು ಪರಿಚಯ ಇಲ್ಲದೋರು ಯಾರಾದ್ರೂ ತುಳಿದು, ಕಾಯಿಲೆ ಹೊತ್ಕೊಂಡು ಹೋಗಲಿ ಅಂತ. ಯಾಕೆ ವಾಸಿಯಾಗ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ನಿನ್ನೆ ಸಂಜೆ ಗೊತ್ತಾಯ್ತು.” ಅವಳು ಗಂಡನ ಬಟ್ಟೆ ಬೂಟಿನ ಕಡೆ ಬೆರಳು ತೋರಿಸಿದಳು. ಅಡಿಯಲ್ಲಿ ಬೇರಿನ ಚೂರೊಂದು ಇನ್ನೂ ಅಂಟಿಕೊಂಡಿತ್ತು. “ನೀವೇ ದಿನಾ ತುಳಿದು ಮನೆಗೆ ವಾಪಸು ತರ್ತಿದ್ರಲ್ರೀ!”

ಹುಚ್ಚು ಮುಂಡೇವು ಎಂದು ಊರನ್ನೆಲ್ಲ ಆಡಿಕೊಂಡು ನಕ್ಕವರು ಈಗ ಕಾಲೆತ್ತಿ ಬೂಟಿನ ಅಡಿ ನೋಡಿಕೊಂಡರು. ಕೂತು ಬೂಟು ಬಿಚ್ಚಿದರು. ಎರಡನ್ನೂ ಹೊಸ್ತಿಲಾಚೆ ಇಟ್ಟು ಬರಿಗಾಲಲ್ಲಿ ಒಳಗೆ ಬಂದರು. ಲಿಯಾನ್‌ಯಿಂಗ್‌ಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ಕೇಳಿ ರುಯಿಫಾಂಗ್ ಕೋಣೆಯ ಬಾಗಿಲು ತೆಗೆದಳು.

“ಅಪ್ಪಾ, ಏನಂದ್ರು ಅಲ್ಲಿ?”

“ಹುಡುಗ ಕುರ್ಚಿ ಕೊಟ್ಟ,” ಎಂದರು ಮೇಷ್ಟ್ರು. “ಪೆಟ್ಟಿಗೆ ಬಿಚ್ಚಿಡು.”

ಹಬ್ಬದ ದಿನ ಶುಯಿಶೆಂಗ್ ಎಲೆಗಡುಬಿನ ಬುಟ್ಟಿ ಹೊತ್ತು ಬಂದ. ಮೇಷ್ಟ್ರು ಮೂರು ಕಡುಬು ಬಿಚ್ಚಿ ತಿಂದರು. ಅದರಲ್ಲಿ ದೊರೆ ಅಕ್ಕಿಯೋ ಹಂದಿಮಾಂಸವೋ ಎಂದು ಹೇಳಲು ಬಾಯಿ ತುರಿಸುತ್ತಿತ್ತು. ನಾಲ್ಕನೆಯ ಕಡುಬನ್ನು ತುರುಕಿಕೊಂಡು ಅದನ್ನು ಅದುಮಿದರು. ಲಿಯಾನ್‌ಯಿಂಗ್ ತನ್ನ ಬಾಲ್ಯದ ದೋಣಿ ಪಂದ್ಯದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಂಥದೊಂದು ಕಥೆ ಅವಳ ಹತ್ತಿರ ಇದೆ ಎಂಬುದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಚರಟದ ಬೋಗುಣಿಯನ್ನು ಹೆಂಡತಿಯ ಕೈಯಿಂದ ಮೇಷ್ಟ್ರೇ ಇಸಿದುಕೊಂಡರು. ಕರ್ಪೂರದ ಮರದವರೆಗೂ ಹೋಗಲಿಲ್ಲ. ಊರಿನಲ್ಲಿ ಅತಿ ಹೆಚ್ಚು ಕಾಲುಗಳು ಓಡಾಡುವ ಜಾಗ ಮದ್ದಿನಂಗಡಿಯ ಎದುರಿನ ಕೂಡುರಸ್ತೆ. ಅಲ್ಲಿ, ಎಲ್ಲರ ಕಣ್ಣೆದುರಿಗೆ, ನಡುರಸ್ತೆಯಲ್ಲಿ ಸುರಿದು, ತಾವು ಮಾತ್ರ ಮೊಣಕಾಲು ಎತ್ತಿ ಅದರ ಆಚೆಗೆ ಹಾರಿದರು. ಐವತ್ತೆಂಟರ ಮುದುಕ ಹಾರಿದ್ದನ್ನು ನೋಡಿ ತರಕಾರಿ ಮಾರುವವನು ಗಾಡಿ ನಿಲ್ಲಿಸಿಬಿಟ್ಟ.

“ಏನ್ ಮೇಷ್ಟ್ರೇ, ಇವತ್ತು ಓದದೆ ಹಾರ್ತಿದೀರಿ? ಯಾರ ಮನೇದು?”

“ನಮ್ಮನೇದು.”

“ಅಯ್ಯೋ! ಅಕ್ಕನಿಗಾ? ಏನು ಕಾಯಿಲೆ?”

ನಾಲ್ಕಾರು ಜನ ನಿಂತರು. ಪಟ್ಟಣದ ಎಲ್ಲರ ಹೊಟ್ಟೆಯೊಳಗಿನದನ್ನು ಬೀದಿಯಲ್ಲಿ ಹರಡಿದ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ನೂರ ಹದಿನೆಂಟು ಜಿನ್ ತೂಗುತ್ತೆ ಆ ಕಾಯಿಲೆ,” ಎಂದರು ಮೇಷ್ಟ್ರು, ತಮ್ಮ ಎದೆ ತಟ್ಟಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ. “ಈಗ ಕೆಲಸಕ್ಕೆ ಹೊರಟಿದೆ. ಗಾಡಿ ತೆಗಿ, ದಾರಿ ಬಿಡು.”